ಕನ್ನಡಕ ಕಳಚುವ ಬೆಳಕು

ಕನ್ನಡಕಕ್ಕೆ ನಮ್ಮ ಜನ ಇಟ್ಟ ಹೆಸರುಗಳಲ್ಲಿ ಮೂರು ಸ್ವಾರಸ್ಯವಾಗಿವೆ. ಸಂಸ್ಕೃತಪ್ರಿಯರು ಅದನ್ನು ಸುಲೋಚನವೆಂದರು. ಒಳ್ಳೆಯ ಕಣ್ಣು ಎಂದು ಅದರ ಅರ್ಥ. ನಾವೆಲ್ಲ ದಿನಬಳಕೆಯಲ್ಲಿ ಆಡುವ ಕನ್ನಡಕವೆಂಬ ಮಾತು ಕನ್ನಡಿಯ ನೆಂಟ. ಹಳೆಯ ತಲೆಮಾರಿನ ಹಿರಿಯರು ಮಾತ್ರ ಅದನ್ನು ಚಾಳೀಸು ಎನ್ನುತ್ತಿದ್ದರು. ಚಾಳೀಸು ಎಂದರೆ ಹಿಂದೂಸ್ತಾನಿಯ ನಲವತ್ತು. ನಲವತ್ತು ತುಂಬಿದವರ ಮೂಗಿನ ಮೇಲೆ ಅದು ಬಂದು ಕುಳಿತುಕೊಳ್ಳುವುದರಿಂದ ಆ ಹೆಸರು. ಈ ಮೂರರಲ್ಲಿ ಕಣ್ಣಿನ ಸ್ವಭಾವವನ್ನು ಹೆಚ್ಚು ಬಲ್ಲದ್ದು ಕೊನೆಯ ಮಾತೇ. ಏಕೆಂಬುದನ್ನು ಮುಂದೆ ನೋಡೋಣ.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನಲ್ಲಿ ನಾರ್ವೆ ಎಂಬ ಊರಿದೆ. ಕನ್ನಡದಲ್ಲಿ ಬರೆದಾಗ ಈ ಊರಿಗೂ ಯೂರೋಪಿನ ಉತ್ತರದ ಹಿಮದ ದೇಶಕ್ಕೂ ಒಂದಕ್ಷರದ ವ್ಯತ್ಯಾಸವೂ ಇಲ್ಲ. ಅಲ್ಲಿ ಹಿಮ, ಇಲ್ಲಿ ಮಳೆ. ಕನ್ನಡಕ ಧರಿಸುವವನಿಗೆ ಎರಡೂ ಒಂದೇ. ಜೂನ್ ತಿಂಗಳಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡದ ಈ ಮಲೆನಾಡಿನಲ್ಲಿ, ಗಾಜಿನ ಹೊರಮೈಯನ್ನು ಹನಿ ಮುಚ್ಚುತ್ತದೆ, ಒಳಮೈಯನ್ನು ಉಸಿರಿನ ಆವಿ ಮುಚ್ಚುತ್ತದೆ. ಒರೆಸಲು ಒಣಗಿದ ಬಟ್ಟೆಯ ಚೂರೂ ಸಿಕ್ಕದ ದಿನಗಳುಂಟು. ಅಡಕೆಯ ಮರದ ತುದಿಗೆ ಔಷಧಿ ಹೊಡೆಯುವವನು ಮೇಲೆ ನೋಡಿದರೆ ಗಾಜಿನ ಮೇಲೆ ನೀಲಿ ಹನಿಗಳು. ಅಡಕೆ ಬೇಯಿಸುವ ಒಲೆಯ ಮುಂದೆ ನಿಂತರೆ ಹಬೆ. ಇಂಥ ಊರಿನ ಹುಡುಗನೊ ಹುಡುಗಿಯೊ ಕಾಲೇಜಿನ ವಯಸ್ಸಿಗೆ ಬಂದು, 'ಕನ್ನಡಕದ ಕಾಟವನ್ನು ಒಂದೇ ದಿನದಲ್ಲಿ ತೊಲಗಿಸುವ ಲೇಸರ್ ಚಿಕಿತ್ಸೆಯಿದೆಯಂತೆ, ಅದರಲ್ಲಿ ಯಾವುದು ಉತ್ತಮ?' ಎಂದು ಕೇಳಿದರೆ ಅದು ಬರಿಯ ಸೌಂದರ್ಯದ ಆಸೆಯೆಂದು ತಳ್ಳಿಹಾಕಲಾಗದು.

ಆದರೆ ಪ್ರಶ್ನೆಯ ರೀತಿ ಮಾತ್ರ ಸರಿಯಲ್ಲ. ಬಟ್ಟೆಯ ಅಂಗಡಿಯಲ್ಲಿ ಮೂರು ಬಗೆಯ ಪಂಚೆಯನ್ನು ಹರಡಿಸಿಕೊಂಡು ಒಂದನ್ನು ಆರಿಸುವ ಹಾಗೆ ಇಲ್ಲಿ ಆರಿಸಲು ಬರುವುದಿಲ್ಲ. ಇಲ್ಲಿ ಆರಿಸುವುದು ಕಣ್ಣು. ಅದರ ಅಳತೆ ಒಪ್ಪಿದರೆ ಚಿಕಿತ್ಸೆ. ಒಪ್ಪದಿದ್ದರೆ ಹಣವೂ ಶಿಫಾರಸೂ ಅದನ್ನು ಒಪ್ಪಿಸಲಾರವು. 'ನಿಮಗೆ ಇದು ಆಗದು' ಎಂದು ಹೇಳಿ ಕಳುಹಿಸುವ ವೈದ್ಯನೇ ಕೆಲವೊಮ್ಮೆ ಅತ್ಯಂತ ದೊಡ್ಡ ಉಪಕಾರವನ್ನು ಮಾಡಿರುತ್ತಾನೆ. ಈ ಮಾತು ಏಕೆ ನಿಜವೆಂದು ತಿಳಿಯಬೇಕಾದರೆ ಕಣ್ಣಿನ ರಚನೆಯನ್ನು ಸ್ವಲ್ಪ ನೋಡಬೇಕು.

ಕಣ್ಣಿನ ಕರಿಗುಡ್ಡೆಯ ಮುಂದೆ, ಗಡಿಯಾರದ ಗಾಜಿನಂತೆ, ಬಣ್ಣವಿಲ್ಲದ ಒಂದು ಪಾರದರ್ಶಕ ಪಟಲವಿದೆ. ಇದಕ್ಕೆ ಕಾರ್ನಿಯಾ ಎಂದು ಹೆಸರು. ಬೆಳಕನ್ನು ಬಾಗಿಸಿ ಹಿಂದಿನ ರೆಟಿನಾ ಪರದೆಯ ಮೇಲೆ ಮೂಡಿಸುವ ಕೆಲಸವನ್ನು ಕಣ್ಣಿನೊಳಗಿನ ಮಸೂರವೇ ಮಾಡುತ್ತದೆಂದು ಅನೇಕರು ತಿಳಿದಿರುತ್ತಾರೆ. ವಾಸ್ತವವಾಗಿ ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್ ಆದರೆ ಅದರಲ್ಲಿ ಸುಮಾರು 43 ಡಯಾಪ್ಟರ್ ಕಾರ್ನಿಯಾದ್ದೇ. ಆದುದರಿಂದಲೇ ಅದರ ಬಾಗನ್ನು ಕೊಂಚ ಬದಲಿಸಿದರೆ ದೃಷ್ಟಿಯೂ ಬದಲಾಗುತ್ತದೆ. ಸಮೀಪದೃಷ್ಟಿಯುಳ್ಳವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದವಾಗಿ ಬೆಳೆದಿರುತ್ತದೆ; ದೂರದ ವಸ್ತುವಿನ ಬಿಂಬ ರೆಟಿನಾವನ್ನು ಮುಟ್ಟುವ ಮೊದಲೇ ಕೂಡಿಕೊಂಡುಬಿಡುತ್ತದೆ. ಒಂದು ಮಿಲಿಮೀಟರಿನ ಹೆಚ್ಚಿನ ಉದ್ದ ಹೆಚ್ಚುಕಡಮೆ ಮೂರು ಡಯಾಪ್ಟರಿನ ದೋಷವನ್ನು ತರುತ್ತದೆ. ಗುಡ್ಡೆಯನ್ನು ಗಿಡ್ಡ ಮಾಡಲು ಬರುವುದಿಲ್ಲ. ಮುಂದಿನ ಕಿಟಕಿಯನ್ನು ಚಪ್ಪಟೆ ಮಾಡಿದರೆ ಬಿಂಬವನ್ನು ಹಿಂದಕ್ಕೆ ತಳ್ಳಬಹುದು. ಲೇಸರ್ ಚಿಕಿತ್ಸೆಯ ತತ್ತ್ವವೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆ.

ಈ ಯೋಚನೆ ಲೇಸರಿಗಿಂತ ಬಹಳ ಹಳೆಯದು. 1898ರಲ್ಲಿಯೇ ಹಾಲೆಂಡಿನ ಲಾನ್ಸ್ ಎಂಬಾತ ಕಾರ್ನಿಯಾದ ಮೇಲೆ ಗೀರು ಹಾಕಿ ಅದರ ಬಾಗನ್ನು ಬದಲಿಸುವ ಪ್ರಯೋಗಗಳ ವಿಷಯ ಬರೆದ. ಜಪಾನಿನ ಸುತೋಮು ಸಾತೋ 1930ರ ಮತ್ತು 1940ರ ದಶಕಗಳಲ್ಲಿ ಇದನ್ನು ಮನುಷ್ಯರ ಮೇಲೆ ನಡೆಸಿದ. ಆತ ಪಟಲದ ಹೊರಮೈಯಲ್ಲಿ ಮಾತ್ರವಲ್ಲದೆ ಒಳಮೈಯಲ್ಲಿಯೂ ಗೀರು ಹಾಕುತ್ತಿದ್ದ. ರೋಗಿಗಳು ಕನ್ನಡಕ ಬಿಟ್ಟು ಸಂತೋಷದಿಂದ ಮನೆಗೆ ಹೋದರು. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಜೀವಕೋಶಗಳಿದ್ದು, ಅವು ಪಟಲದೊಳಕ್ಕೆ ಇಂಗುವ ನೀರನ್ನು ಸದಾ ಹೊರಕ್ಕೆ ಎತ್ತಿ ಹಾಕುತ್ತಿರುತ್ತವೆಂಬುದು ಆಗ ಸ್ಪಷ್ಟವಾಗಿ ತಿಳಿದಿರಲಿಲ್ಲ. ಆ ಕೋಶಗಳು ಗಾಯಗೊಂಡಿದ್ದುವು. ವರ್ಷಗಳು ಕಳೆದ ಮೇಲೆ ಆ ರೋಗಿಗಳಲ್ಲಿ ಅನೇಕರ ಕಾರ್ನಿಯಾ ನೀರು ಕುಡಿದು ಊದಿ ಮಬ್ಬಾಯಿತು. ಕಣ್ಣಿನ ವಿಷಯದಲ್ಲಿ 'ನಾಳೆ ಬೆಳಿಗ್ಗೆಯೇ ಕಾಣುತ್ತದೆ' ಎಂಬ ಮಾತನ್ನು ಕೇಳಿದಾಗ, 'ಇಪ್ಪತ್ತು ವರ್ಷದ ಮೇಲೆ?' ಎಂದು ಮರುಪ್ರಶ್ನೆ ಹಾಕುವುದನ್ನು ಈ ಕಥೆ ಕಲಿಸಿತು.

ಸ್ಪೇನಿನಲ್ಲಿ ಹುಟ್ಟಿ ದಕ್ಷಿಣ ಅಮೆರಿಕದ ಬೊಗೋಟಾ ನಗರದಲ್ಲಿ ನೆಲೆಸಿದ ಹೋಸೆ ಬರಾಕೆರ್ 1949ರಲ್ಲಿ ಬೇರೊಂದು ದಾರಿಯನ್ನು ತೋರಿಸಿದ. ಗೀರು ಹಾಕುವ ಬದಲು ಕಾರ್ನಿಯಾದ ಮೇಲಿನ ಒಂದು ಬಿಲ್ಲೆಯನ್ನು ಕತ್ತರಿಸಿ ತೆಗೆದು, ಅದನ್ನು ಹೆಪ್ಪುಗಟ್ಟಿಸಿ, ಮಸೂರವನ್ನು ಸಾಣೆಹಿಡಿಯುವಂತೆ ಲೇತಿನಲ್ಲಿ ಕಡೆದು, ಮತ್ತೆ ಸ್ವಸ್ಥಾನದಲ್ಲಿ ಕೂಡಿಸುವುದು ಅವನ ಕ್ರಮ. ಕೇಳಿದರೆ ಮೈ ನಡುಗುತ್ತದೆ. ಆದರೆ ಇಂದಿನ ಲೇಸಿಕ್ ಚಿಕಿತ್ಸೆಯ ಅಜ್ಜ ಈತನೇ. ಅತ್ತ ಮಾಸ್ಕೋ ನಗರದಲ್ಲಿ ಫ್ಯೋದೊರೋವ್ 1970ರ ದಶಕದಲ್ಲಿ ಗೀರಿನ ಶಸ್ತ್ರಕ್ರಿಯೆಯನ್ನು ಹೊರಮೈಗೆ ಮಾತ್ರ ಸೀಮಿತಗೊಳಿಸಿ ಸುಧಾರಿಸಿದ. ಕಾರ್ಖಾನೆಯಲ್ಲಿ ಯಂತ್ರದ ಭಾಗಗಳು ಸಾಗುವಂತೆ ರೋಗಿಗಳನ್ನು ಚಲಿಸುವ ಮೇಜುಗಳ ಮೇಲೆ ಸಾಲಾಗಿ ಮಲಗಿಸಿ ಒಬ್ಬೊಬ್ಬ ವೈದ್ಯ ಒಂದೊಂದು ಹಂತವನ್ನು ಮುಗಿಸುವ ಏರ್ಪಾಡು ಮಾಡಿದ್ದ. ಆದರೂ ಎಷ್ಟೇ ನುರಿತ ಕೈಯಾದರೂ ಕೈಯ ಗೀರು ಕೈಯ ಗೀರೇ. ಅದರ ಆಳ ಕೂದಲೆಳೆಯಷ್ಟು ತಪ್ಪಿದರೂ ಫಲ ತಪ್ಪುತ್ತಿತ್ತು.

ಕೈ ಮಾಡಲಾರದ್ದನ್ನು ಬೆಳಕು ಮಾಡಿತು. ಆ ಪ್ರಸಂಗ ಸ್ವಲ್ಪ ವಿನೋದದ್ದು. ಮದರಾಸಿನಲ್ಲಿ 1929ರಲ್ಲಿ ಹುಟ್ಟಿ, ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ರಂಗಸ್ವಾಮಿ ಶ್ರೀನಿವಾಸನ್ ಅವರೂ, ಅವರ ಸಹೋದ್ಯೋಗಿಗಳಾದ ಜೇಮ್ಸ್ ವಿನ್ ಮತ್ತು ಸಾಮ್ಯುಯೆಲ್ ಬ್ಲಮ್ ಅವರೂ ಎಕ್ಸೈಮರ್ ಎಂಬ ಹೊಸ ಲೇಸರಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸೂಕ್ಷ್ಮವಾದ ಕೆತ್ತನೆ ನಡೆಸುತ್ತಿದ್ದರು. ಈ ಲೇಸರಿನ ಬೆಳಕು ಕಣ್ಣಿಗೆ ಕಾಣದ ಅತಿನೇರಳೆ. ಅದರ ತರಂಗದ ಉದ್ದ 193 ನ್ಯಾನೋಮೀಟರ್. 1981ರ ನವೆಂಬರ್ 27ನೆಯ ತಾರೀಖು, ಅಮೆರಿಕದವರ ಕೃತಜ್ಞತಾ ಹಬ್ಬದ ಮರುದಿನ, ಶ್ರೀನಿವಾಸನ್ ಅವರು ಹಬ್ಬದ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಣುಕುಗಳನ್ನು ಪ್ರಯೋಗಾಲಯಕ್ಕೆ ತಂದು ಆ ಬೆಳಕಿಗೆ ಒಡ್ಡಿದರು. ಸುಟ್ಟ ವಾಸನೆಯಿಲ್ಲ, ಕರಕಲಿಲ್ಲ. ಅಂಚು ಚೊಕ್ಕಟವಾಗಿ ಕತ್ತರಿಸಿದ ಗೀರು ಮಾತ್ರ ಉಳಿಯಿತು. ಈ ಬೆಳಕು ಸುಡುವುದಲ್ಲ; ಅಣುಗಳನ್ನು ಬಂಧಿಸಿದ ಕೊಂಡಿಗಳನ್ನೇ ಬಿಡಿಸಿ ತೆಳ್ಳನೆಯ ಪದರವೊಂದನ್ನು ಹಾರಿಸಿಬಿಡುತ್ತದೆ. ಪಕ್ಕದ ಮಾಂಸಕ್ಕೆ ಶಾಖ ತಟ್ಟುವುದಿಲ್ಲ. ಒಂದು ಮಿಡಿತಕ್ಕೆ ಕಾರ್ನಿಯಾದಿಂದ ಹೋಗುವುದು ಸುಮಾರು ಕಾಲು ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

ನ್ಯೂಯಾರ್ಕಿನ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಶ್ರೀನಿವಾಸನ್ ಅವರೊಡನೆ ಸೇರಿ ಇದನ್ನು ದನದ ಕಣ್ಣುಗಳ ಮೇಲೆ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದ. 1988ರಲ್ಲಿ ಮಾರ್ಗರೀಟ್ ಮ್ಯಾಕ್‌ಡೊನಾಲ್ಡ್ ಎಂಬ ವೈದ್ಯೆ ಕಾಣುತ್ತಿದ್ದ ಒಂದು ಮಾನವ ನೇತ್ರದ ಮೇಲೆ ಮೊದಲ ಬಾರಿಗೆ ಈ ಚಿಕಿತ್ಸೆಯನ್ನು ನಡೆಸಿದರು. ಆ ಕಣ್ಣಿನ ಒಡತಿ ಕ್ಯಾನ್ಸರಿನಿಂದ ಬಳಲುತ್ತಿದ್ದ ಹೆಂಗಸು. ಹೇಗೂ ತೆಗೆದುಹಾಕಲೇಬೇಕಾಗಿದ್ದ ತನ್ನ ಕಣ್ಣನ್ನು, ಅದಕ್ಕೆ ಮೊದಲು ವಿಜ್ಞಾನದ ಉಪಯೋಗಕ್ಕೆ ಕೊಡುವೆನೆಂದು ಆಕೆ ಮುಂದೆ ಬಂದಳು. ಇಂದು ಕನ್ನಡಕ ಬಿಟ್ಟು ಓಡಾಡುವ ಲಕ್ಷಾಂತರ ಜನ ಆಕೆಯ ಸುದ್ದಿಯನ್ನೇ ಕೇಳಿರಲಾರರು. 1995ರಲ್ಲಿ ಅಮೆರಿಕದ ಸರ್ಕಾರ ಈ ಚಿಕಿತ್ಸೆಗೆ ಅಂಗೀಕಾರವಿತ್ತಿತು.

ಇನ್ನು ನಮ್ಮ ನಾಡಿಗೆ ಬರೋಣ. ಕನ್ನಡಿಗರಿಗೆ ಕಣ್ಣಿನ ಶಸ್ತ್ರಕ್ರಿಯೆಯೆಂದೊಡನೆ ನೆನಪಾಗುತ್ತಿದ್ದುದು ಡಾಕ್ಟರ್ ಎಂ. ಸಿ. ಮೋದಿಯವರ ಹೆಸರು. ಊರಿಂದೂರಿಗೆ ಹೋಗಿ ಶಿಬಿರ ಹೂಡಿ, ಪೊರೆ ಬಂದ ಕಣ್ಣುಗಳನ್ನು ಅಸಂಖ್ಯವಾಗಿ ತೆರೆಸಿದ ಈ ಮಹನೀಯರಿಗೆ 1956ರಲ್ಲಿ ಪದ್ಮಶ್ರೀಯೂ 1968ರಲ್ಲಿ ಪದ್ಮಭೂಷಣವೂ ಬಂದುವು, 2005ರಲ್ಲಿ ತೀರಿಕೊಂಡರು. ಆ ಕಾಲದ ಶಿಬಿರಗಳಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದ ಮೇಲೆ ಅದರ ಜಾಗದಲ್ಲಿ ಬೇರೊಂದನ್ನು ಇಡುವ ಪದ್ಧತಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲೆ ಕೃತಕ ಮಸೂರವನ್ನು 1949ರಲ್ಲಿಯೇ ಇಟ್ಟು ತೋರಿಸಿದ್ದರೂ ಅದು ಹಳ್ಳಿಯನ್ನು ತಲುಪಲು ದಶಕಗಳೇ ಬೇಕಾದುವು. ಆದುದರಿಂದ ಕಣ್ಣು ಬಂದ ಮುದುಕ ಮುದುಕಿಯರು ಸೋಡಾಬುಡ್ಡಿಯ ತಳದಂಥ ದಪ್ಪ ಕನ್ನಡಕವನ್ನು ಹಾಕಿಕೊಂಡು ಊರಿಗೆ ಮರಳುತ್ತಿದ್ದರು. ಆ ಕನ್ನಡಕ ಅವರಿಗೆ ಗೆಲುವಿನ ಕಿರೀಟ. ಅಂದಿನ ಶಸ್ತ್ರಕ್ರಿಯೆ ಕನ್ನಡಕವನ್ನು ಕೊಟ್ಟಿತು, ಇಂದಿನದು ಕಸಿದುಕೊಳ್ಳಹೊರಟಿದೆ! ಕುರುಡನಿಗೆ ದೃಷ್ಟಿ ಕೊಡುವುದೂ, ಕನ್ನಡಕದಲ್ಲಿ ಸುಖವಾಗಿ ಕಾಣುತ್ತಿರುವವನ ಆರೋಗ್ಯವಾದ ಕಣ್ಣಿಗೆ ಲೇಸರ್ ಹಿಡಿಯುವುದೂ ತಕ್ಕಡಿಯ ಎರಡು ಬೇರೆ ಬೇರೆ ತಟ್ಟೆಗಳು. ಮೊದಲನೆಯದರಲ್ಲಿ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಎರಡನೆಯದರಲ್ಲಿ ಇದೆ. ಹೀಗಾಗಿ ಇಲ್ಲಿ ಎಚ್ಚರದ ಅಳತೆ ಹೆಚ್ಚಬೇಕು.

ಕಾರ್ನಿಯಾ ಒಂದೇ ಹಾಳೆಯಲ್ಲ, ಪದರಪದರವಾಗಿ ಬಿಡಿಸಬಲ್ಲ ವಸ್ತುವೆಂಬುದನ್ನು ಕನ್ನಡನಾಡು 2021ರ ಅಕ್ಟೋಬರ್ ಕೊನೆಯಲ್ಲಿ ದುಃಖದ ನಡುವೆ ಅರಿತುಕೊಂಡಿತು. ನಟ ಪುನೀತ್ ರಾಜ್‌ಕುಮಾರ್ ಅವರು ಅಕ್ಟೋಬರ್ 29ರಂದು ಅಕಾಲದಲ್ಲಿ ತೀರಿಕೊಂಡಾಗ, ತಂದೆ ರಾಜ್‌ಕುಮಾರ್ ಅವರು 2006ರಲ್ಲಿ ಮಾಡಿದ್ದಂತೆ, ಅವರ ಕಣ್ಣುಗಳನ್ನೂ ಮನೆಯವರು ದಾನ ಮಾಡಿದರು. ಡಾಕ್ಟರ್ ಭುಜಂಗ ಶೆಟ್ಟಿಯವರು 1982ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ನಾರಾಯಣ ನೇತ್ರಾಲಯದ ವೈದ್ಯರು ಆ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರವೆಂದು ಸೀಳಿ ನಾಲ್ವರಿಗೆ ಜೋಡಿಸಿದರು. ಮುಂಭಾಗ ಕೆಟ್ಟಿದ್ದ ಇಬ್ಬರಿಗೆ ಮುಂದಿನವು, ಒಳಮೈ ಕೆಟ್ಟಿದ್ದ ಇಬ್ಬರಿಗೆ ಹಿಂದಿನವು. ಹಿಂದೆ ಹೇಳಿದ ಸಾತೋ ಗಾಯಗೊಳಿಸಿದ್ದು ಈ ಹಿಂದಿನ ಪದರವನ್ನೇ. ಇಂದಿನ ಲೇಸರ್ ಅದರ ತಂಟೆಗೆ ಹೋಗುವುದಿಲ್ಲ. ಅದರ ವ್ಯವಹಾರವೆಲ್ಲ ಮುಂದಿನ ಪದರಗಳೊಡನೆ. ಎಷ್ಟು ಮುಂದೆ, ಎಷ್ಟು ಆಳ ಎಂಬುದರಿಂದಲೇ ಚಿಕಿತ್ಸೆಯ ಮೂರು ಬಗೆಗಳು ಹುಟ್ಟಿವೆ.

ಮೊದಲನೆಯದು ಪಿ.ಆರ್.ಕೆ. ಕಾರ್ನಿಯಾದ ಮೇಲೆ ಸುಮಾರು 50 ಮೈಕ್ರಾನ್ ದಪ್ಪದ ಚರ್ಮದಂಥ ಹೊದಿಕೆಯಿರುತ್ತದೆ. ಅದನ್ನು ಹೆರೆದು ತೆಗೆದು, ಕೆಳಗಿನ ಭಾಗವನ್ನು ಎಕ್ಸೈಮರ್ ಬೆಳಕಿನಿಂದ ತಿದ್ದಲಾಗುತ್ತದೆ. ಹೊದಿಕೆ ಕೆಲವು ದಿನಗಳಲ್ಲಿ ತಾನೇ ಬೆಳೆಯುತ್ತದೆ. ಆ ಮೂರು ನಾಲ್ಕು ದಿನ ಉರಿ, ಕಣ್ಣೀರು, ಬೆಳಕನ್ನು ಕಂಡರೆ ನೋವು. ದೃಷ್ಟಿ ನೆಲೆಗೆ ಬರಲು ವಾರಗಳು ಬೇಕು. ಮಬ್ಬು ಕಟ್ಟದಿರಲು ಮುಂದೆ ಕೆಲವು ತಿಂಗಳು ಬಿಸಿಲಿನಲ್ಲಿ ಕಪ್ಪು ಕನ್ನಡಕ ಧರಿಸಬೇಕಾಗುತ್ತದೆಂಬುದು, ಕನ್ನಡಕ ಬಿಡಲು ಹೊರಟವನಿಗೆ ವಿಧಿ ಮಾಡುವ ಸಣ್ಣ ಹಾಸ್ಯ. ಆದರೆ ಈ ಕ್ರಮದಲ್ಲಿ ಮುಚ್ಚಳವೆಂಬುದು ಇಲ್ಲ. ಇದರ ಬೆಲೆ ಮುಂದೆ ತಿಳಿಯುತ್ತದೆ.

ಎರಡನೆಯದು ಎಲ್ಲರೂ ಹೆಸರು ಕೇಳಿರುವ ಲೇಸಿಕ್. ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಪಲ್ಲಿಕಾರಿಸ್ ಎಂಬ ವೈದ್ಯ ಬರಾಕೆರನ ಬಿಲ್ಲೆಯನ್ನೂ ಶ್ರೀನಿವಾಸನ್ ಅವರ ಬೆಳಕನ್ನೂ ಕೂಡಿಸಿ 1990ರ ಆಸುಪಾಸಿನಲ್ಲಿ ರೂಪಿಸಿದ ಕ್ರಮವಿದು. ಬಿಲ್ಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ಒಂದು ಕಡೆ ಕೀಲು ಉಳಿಸಿ ಪುಸ್ತಕದ ಹಾಳೆಯಂತೆ ಮಗುಚಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ನೋವು ಕಡಮೆ. ಮರುದಿನವೇ ಗೋಡೆಯ ಗಡಿಯಾರ ಸ್ಪಷ್ಟವಾಗಿ ಕಾಣುತ್ತದೆ. ಆ ಮುಚ್ಚಳವನ್ನು ಮೊದಲು ಅಲಗಿನಿಂದ ಕೊಯ್ಯುತ್ತಿದ್ದರು. ಈಗ ಫೆಮ್ಟೋಸೆಕೆಂಡ್ ಎಂಬ ಮತ್ತೊಂದು ಲೇಸರ್ ಆ ಕೆಲಸ ಮಾಡುತ್ತದೆ. ಸೆಕೆಂಡಿನ ಲಕ್ಷ ಕೋಟಿ ಪಾಲಿಗಿಂತಲೂ ಚಿಕ್ಕದಾದ ಅದರ ಮಿಡಿತಗಳ ಹಿಂದಿನ ವಿದ್ಯೆಗಾಗಿಯೇ ಜೆರಾರ್ ಮುರು ಮತ್ತು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ 2018ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಮೂರನೆಯದಾದ ಸ್ಮೈಲ್ ಎಂಬುದು ಜರ್ಮನಿಯಲ್ಲಿ ಬೆಳೆದು, ಅಮೆರಿಕದಲ್ಲಿ 2016ರಲ್ಲಿ ಮನ್ನಣೆ ಪಡೆಯಿತು. ಇಲ್ಲಿ ಎಕ್ಸೈಮರ್ ಇಲ್ಲವೇ ಇಲ್ಲ. ಫೆಮ್ಟೋಸೆಕೆಂಡ್ ಬೆಳಕು ಕಾರ್ನಿಯಾದ ಹೊಟ್ಟೆಯೊಳಗೇ ಒಂದು ತೆಳ್ಳನೆಯ ಮಸೂರದಾಕಾರದ ತುಣುಕನ್ನು ಬಿಡಿಸುತ್ತದೆ. ವೈದ್ಯ ಎರಡು ಮೂರು ಮಿಲಿಮೀಟರಿನ ಸಂದಿಯಿಂದ ಅದನ್ನು ಎಳೆದು ತೆಗೆಯುತ್ತಾನೆ. ಲೇಸಿಕ್ಕಿನ ಮುಚ್ಚಳದ ಸುತ್ತಳತೆ ಸುಮಾರು 20 ಮಿಲಿಮೀಟರ್ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಕಾರ್ನಿಯಾದ ನರಗಳು ಕಡಮೆ ಕತ್ತರಿಸುವುದರಿಂದ ಕಣ್ಣು ಒಣಗುವ ತೊಂದರೆಯೂ ಸಾಮಾನ್ಯವಾಗಿ ಕಡಮೆ. ಆದರೆ ಇದು ಮುಖ್ಯವಾಗಿ ಸಮೀಪದೃಷ್ಟಿಯವರಿಗೆ. ಮುಂದೆ ಪುನಃ ಸ್ವಲ್ಪ ತಿದ್ದಬೇಕಾಗಿ ಬಂದರೆ ಲೇಸಿಕ್ಕಿನಷ್ಟು ಸುಲಭವೂ ಅಲ್ಲ.

ಈಗ ಸ್ವಲ್ಪ ಲೆಕ್ಕ ಹಾಕೋಣ; ಅಧ್ಯಾಪಕರು ಇದನ್ನು ತರಗತಿಯಲ್ಲಿಯೂ ಹೇಳಬಹುದು. ಸಾಮಾನ್ಯ ಕಾರ್ನಿಯಾದ ನಡುಭಾಗದ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚು. 6 ಮಿಲಿಮೀಟರ್ ಅಗಲದ ವೃತ್ತವನ್ನು ತಿದ್ದುವಾಗ ಒಂದು ಡಯಾಪ್ಟರಿಗೆ ಸುಮಾರು 12 ಮೈಕ್ರಾನ್ ತೆಗೆಯಬೇಕಾಗುತ್ತದೆ. 6 ಡಯಾಪ್ಟರಿನ ಕನ್ನಡಕದವನಿಗೆ 72 ಮೈಕ್ರಾನ್, ತಲೆಗೂದಲಿನ ದಪ್ಪದಷ್ಟು. ಲೇಸಿಕ್ ಆದರೆ ಮುಚ್ಚಳಕ್ಕೆ 110 ಮೈಕ್ರಾನ್. ಎರಡನ್ನೂ ಕಳೆದರೆ ಕೆಳಗೆ 358 ಮೈಕ್ರಾನ್ ಉಳಿಯಿತು. 250ಕ್ಕಿಂತ ಕೆಳಗೆ ಇಳಿಯಲೇಬಾರದು, 300 ಇದ್ದರೆ ನೆಮ್ಮದಿ ಎಂಬುದು ವೈದ್ಯರ ಸಾಮಾನ್ಯ ಗೆರೆ. ಈ ಕಣ್ಣು ತೇರ್ಗಡೆ. ಇನ್ನೊಬ್ಬಳದು 480 ಮೈಕ್ರಾನಿನ ತೆಳು ಕಾರ್ನಿಯಾ, 9 ಡಯಾಪ್ಟರಿನ ಕನ್ನಡಕ ಎನ್ನೋಣ. 108ನ್ನೂ 110ನ್ನೂ ಕಳೆದರೆ ಉಳಿದದ್ದು 262. ಗೆರೆ ದಾಟಿಲ್ಲವೆಂದು ವಾದಿಸಬಹುದು. ಆದರೆ ಕಾರ್ನಿಯಾದ ನೂರರಲ್ಲಿ ನಲವತ್ತೈದು ಪಾಲನ್ನು ಕದಲಿಸಿದಂತಾಯಿತು. ನಲವತ್ತನ್ನು ಮೀರಿದರೆ ಅಪಾಯ ಏರುತ್ತದೆಂಬುದು ತಿಳಿದವರ ಮಾತು. ಬುದ್ಧಿಯುಳ್ಳ ವೈದ್ಯ ಇವಳಿಗೆ ಲೇಸಿಕ್ ಬೇಡವೆನ್ನುತ್ತಾನೆ.

ಬೇಡವೆಂದರೆ ಏನು ಅಪಾಯ? ಕಣ್ಣಿನೊಳಗೆ ಸದಾ ಒಂದು ಒತ್ತಡವಿರುತ್ತದೆ. ಪಟಲ ತೀರ ತೆಳುವಾದರೆ ಆ ಒತ್ತಡಕ್ಕೆ ನಿಧಾನವಾಗಿ ಮುಂದಕ್ಕೆ ಉಬ್ಬಿ ಶಂಕುವಿನ ಆಕಾರ ತಾಳುತ್ತದೆ. ತಿಂಗಳುಗಳ ಮೇಲೋ ವರ್ಷಗಳ ಮೇಲೋ ದೃಷ್ಟಿ ಕದಡಿ, ಯಾವ ಕನ್ನಡಕದಿಂದಲೂ ತಿದ್ದಲಾಗದ ಸ್ಥಿತಿ ಬರುತ್ತದೆ. ಕೆಲವರಲ್ಲಿ ಈ ದುರ್ಬಲತೆ ಹುಟ್ಟಿನಿಂದಲೇ ಅಡಗಿರುತ್ತದೆ. ಅದಕ್ಕೆ ಕೆರಟೋಕೋನಸ್ ಎಂದು ಹೆಸರು. ನಮ್ಮ ದೇಶದಲ್ಲಿ ಇದು ಅಪರೂಪವಲ್ಲ. ತುರಿಕೆಯ ಅಲರ್ಜಿಯಿರುವ ಮಕ್ಕಳು ಮುಷ್ಟಿಯಿಂದ ಕಣ್ಣನ್ನು ಗಸಗಸ ಉಜ್ಜುವುದಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಆದುದರಿಂದಲೇ ಶಸ್ತ್ರಕ್ರಿಯೆಗೆ ಮೊದಲು ಕಾರ್ನಿಯಾದ ಮುಂದು ಹಿಂದಿನ ಮೈಗಳ ಬಾಗನ್ನು ಭೂಪಟದಂತೆ ಬಣ್ಣಬಣ್ಣದ ನಕ್ಷೆಯಲ್ಲಿ ಚಿತ್ರಿಸಿ ನೋಡುತ್ತಾರೆ. ಈ ನಕ್ಷೆಯಿಲ್ಲದೆ ದಿನಾಂಕ ಗೊತ್ತುಮಾಡುವ ಜಾಗದಿಂದ ಎದ್ದು ಬರುವುದೇ ಮೇಲು. ಸಂಪರ್ಕ ಮಸೂರ ಧರಿಸುವವರು ಪರೀಕ್ಷೆಗೆ ಒಂದೆರಡು ವಾರ ಮೊದಲೇ, ಗಟ್ಟಿ ಮಸೂರವಾದರೆ ಇನ್ನೂ ಮೊದಲೇ, ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಅದು ಒತ್ತಿ ಮಾಡಿದ ಆಕಾರವೇ ನಕ್ಷೆಯಲ್ಲಿ ಬರುತ್ತದೆ. ಹದಿನೆಂಟು ತುಂಬಿರಬೇಕು, ಕನ್ನಡಕದ ಅಂಕ ಒಂದು ವರ್ಷವಾದರೂ ಅಲುಗದಿರಬೇಕು. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಸಲ್ಲದು.

ಕಾರ್ನಿಯಾ ಒಪ್ಪದವರಿಗೆ ದಾರಿಯೇ ಇಲ್ಲವೆಂದಲ್ಲ. ಕಣ್ಣಿನ ಸ್ವಂತ ಮಸೂರವನ್ನು ಹಾಗೆಯೇ ಬಿಟ್ಟು ಅದರ ಮುಂದೆ ಮೃದುವಾದ ಕೃತಕ ಮಸೂರವೊಂದನ್ನು ಕೂಡಿಸುವ ಕ್ರಮವಿದೆ. ಇದರಲ್ಲಿ ಲೇಸರಿಲ್ಲ, ಕಾರ್ನಿಯಾದಿಂದ ಏನನ್ನೂ ಕೆತ್ತುವುದೂ ಇಲ್ಲ. ಬೇಡವಾದರೆ ಹೊರಕ್ಕೆ ತೆಗೆಯಬಹುದು. ಆದರೆ ಕಣ್ಣಿನ ಒಳಕ್ಕೇ ಇಳಿಯುವ ಶಸ್ತ್ರಕ್ರಿಯೆ ಇದು, ಒಳಗೆ ಸಾಕಷ್ಟು ಜಾಗವಿರಬೇಕು, ವರ್ಷ ವರ್ಷ ಪರೀಕ್ಷೆಯಾಗಬೇಕು.

ನಾರ್ವೆಯಂಥ ಊರಿನವರು ಇನ್ನೂ ಕೆಲವು ವಿಷಯಗಳನ್ನು ಯೋಚಿಸಬೇಕಾಗುತ್ತದೆ. ಪೇಟೆಯಲ್ಲಿ ಕುಳಿತು ಬರೆದ ಜಾಹೀರಾತುಗಳಲ್ಲಿ ಇವು ಇರುವುದಿಲ್ಲ. ಲೇಸಿಕ್ಕಿನ ಮುಚ್ಚಳ ಅಂಚಿನಲ್ಲಿ ಕೂಡಿಕೊಳ್ಳುತ್ತದೆಯೇ ಹೊರತು ಮೊದಲಿನ ಬಲದಿಂದ ಪೂರ್ತಿ ಬೆಸೆದುಕೊಳ್ಳುವುದಿಲ್ಲ. ಕಾಫಿಗಿಡದ ರೆಂಬೆ ಸಿಡಿದು ಕಣ್ಣಿಗೆ ಬಡಿಯುವುದು, ಅಡಕೆಯ ಹಾಳೆ ಬೀಳುವುದು, ಕಬಡ್ಡಿಯಲ್ಲಿ ಬೆರಳು ತಾಗುವುದು ನಮ್ಮ ಕಡೆ ಅಪರೂಪವೇನಲ್ಲ. ವರ್ಷಗಳ ಮೇಲೆಯೂ ಪೆಟ್ಟಿನಿಂದ ಮುಚ್ಚಳ ಸರಿದ ಪ್ರಸಂಗಗಳಿವೆ. ತೋಟದಲ್ಲಿ ದುಡಿಯುವವನಿಗೆ, ಕುಸ್ತಿಯವನಿಗೆ, ಸೈನ್ಯಕ್ಕೆ ಸೇರುವವನಿಗೆ ಮುಚ್ಚಳವಿಲ್ಲದ ಪಿ.ಆರ್.ಕೆ. ಮೇಲೆಂದು ವೈದ್ಯರು ಹೇಳುವುದು ಇದಕ್ಕಾಗಿ. ಮೂರು ದಿನದ ಉರಿಯ ಬೆಲೆ ಆಗ ತಿಳಿಯುತ್ತದೆ. ಮೈಲುತುತ್ತವನ್ನೂ ಸುಣ್ಣವನ್ನೂ ಕದಡಿದ ಬೋರ್ಡೋ ದ್ರಾವಣವನ್ನು ಕೊಳೆರೋಗಕ್ಕಾಗಿ ಮೇಲ್ಮುಖವಾಗಿ ಹೊಡೆಯುವಾಗ ಇಷ್ಟು ವರ್ಷ ಕಣ್ಣನ್ನು ಕಾಯ್ದದ್ದು ನಾವು ಬೈಯುತ್ತಿದ್ದ ಆ ಕನ್ನಡಕವೇ. ಅದು ಹೋದ ಮೇಲೆ ಬೇರೊಂದು ಕಾಪು ಬೇಕು. ಶಸ್ತ್ರಕ್ರಿಯೆಯ ನಂತರದ ವಾರಗಳಲ್ಲಿ ಹೊಳೆಯ ಸ್ನಾನ, ಕೆರೆಯ ಈಜು, ಅಡಕೆ ಬೇಯಿಸುವ ಒಲೆಯ ಹೊಗೆ ಇವೆಲ್ಲ ವರ್ಜ್ಯ. ಮರುಪರೀಕ್ಷೆಗೆ ಬೆಂಗಳೂರಾದರೆ ಮುನ್ನೂರು ಕಿಲೋಮೀಟರ್ ದೂರ, ಮಣಿಪಾಲವಾದರೆ ಆಗುಂಬೆಯ ಘಾಟಿ. ಮಳೆಗಾಲದಲ್ಲಿ ಕಣ್ಣು ಕೆಂಪಾದರೆ ಆ ರಾತ್ರಿಯೇ ತಲುಪುವುದು ಸಾಧ್ಯವೇ ಎಂದು ಯೋಚಿಸಿ, ಶಸ್ತ್ರಕ್ರಿಯೆಯನ್ನು ಮಾಗಿಯ ತಿಂಗಳುಗಳಿಗೆ ಇಟ್ಟುಕೊಳ್ಳುವುದು ಜಾಣತನ. ಖರ್ಚು ಹತ್ತಾರು ಸಾವಿರದಿಂದ ಲಕ್ಷದ ಮೇಲಕ್ಕೂ ಹೋಗುತ್ತದೆ.

ಉದ್ಯೋಗದ ಆಸೆಯಿಂದ ಈ ಚಿಕಿತ್ಸೆಗೆ ಹೊರಡುವ ತರುಣರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ರೈಲ್ವೆ ಇಲಾಖೆಯ ಸಹಾಯಕ ಚಾಲಕನಂಥ ಹುದ್ದೆಗಳಿಗೆ ಕನ್ನಡಕವಿಲ್ಲದೆ ಎರಡು ಕಣ್ಣಿಗೂ ಪೂರ್ಣ ದೃಷ್ಟಿಯಿರಬೇಕೆಂದು ವಿಧಿಸುವ ಪ್ರಕಟಣೆಗಳೇ, ಲೇಸಿಕ್ ಮಾಡಿಸಿಕೊಂಡಿರಕೂಡದೆಂದೂ ವಿಧಿಸಿವೆ. ಕೆಲಸಕ್ಕಾಗಿ ಕಣ್ಣನ್ನು ತಿದ್ದಿಸಿ, ತಿದ್ದಿಸಿದ ಕಾರಣಕ್ಕಾಗಿಯೇ ಕೆಲಸವನ್ನು ಕಳೆದುಕೊಳ್ಳುವ ಪರಿಸ್ಥಿತಿ! ಸಶಸ್ತ್ರ ಪಡೆಗಳ ಕೆಲವು ಶಾಖೆಗಳಲ್ಲಿ ಇದು ನಿಷಿದ್ಧವಲ್ಲ. ಆದರೆ ಇಪ್ಪತ್ತು ವರ್ಷ ತುಂಬುವ ಮೊದಲು ಮಾಡಿಸಿರಬಾರದು, ಮಾಡಿಸಿ ಹನ್ನೆರಡು ತಿಂಗಳಾದರೂ ಕಳೆದಿರಬೇಕು, ಕಾರ್ನಿಯಾದ ದಪ್ಪ 450 ಮೈಕ್ರಾನಿಗಿಂತ ಕಡಮೆಯಿರಬಾರದು ಎಂಬಂಥ ಷರತ್ತುಗಳಿವೆ. ಮೇಲೆ ಮಾಡಿದ ಲೆಕ್ಕವನ್ನು ಇಲ್ಲಿ ನೆನೆಯಿರಿ. ತಾನು ಬಯಸುವ ಹುದ್ದೆಯ ಆ ವರ್ಷದ ಪ್ರಕಟಣೆಯನ್ನು ಅಕ್ಷರ ಬಿಡದೆ ಓದಿಯೇ ಮುಂದಿನ ಹೆಜ್ಜೆಯಿಡಬೇಕು. ಲೇಸರಿನಿಂದ ಎಲ್ಲರಿಗೂ ಲೇಸೇ ಆಗುವುದೆಂಬ ಹಾಗಿಲ್ಲ.

ಯೋಗ್ಯವಾದ ಕಣ್ಣಿಗೆ, ನುರಿತ ಕೈಯಲ್ಲಿ, ಈ ಚಿಕಿತ್ಸೆ ಬಹುಮಟ್ಟಿಗೆ ಮಾತು ಉಳಿಸಿಕೊಳ್ಳುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕೆಲವು ತಿಂಗಳು ಕಣ್ಣು ಒಣಗುವುದು ಸಾಮಾನ್ಯ. ಕೆಲವರಿಗೆ ರಾತ್ರಿ ಎದುರಿನ ವಾಹನದ ದೀಪದ ಸುತ್ತ ಪ್ರಭಾವಳಿ ಕಾಣುತ್ತದೆ. ಘಾಟಿಯಲ್ಲಿ ಇರುಳು ವಾಹನ ನಡೆಸುವವನಿಗೆ ಇದು ಸಣ್ಣ ಮಾತಲ್ಲ. ಇದಕ್ಕಿಂತ ಮುಖ್ಯವಾದುದು, ಕನ್ನಡಕ ಹೋದರೂ ಸಮೀಪದೃಷ್ಟಿಯ ಕಣ್ಣು ಹೋಗುವುದಿಲ್ಲವೆಂಬುದು. ಗುಡ್ಡೆ ಉದ್ದವಾಗಿಯೇ ಇದೆ. ಅದರ ಹಿಂದಿನ ರೆಟಿನಾ ಎಳೆದು ತೆಳುವಾಗಿಯೇ ಇದೆ. ಅದು ಹರಿಯುವ, ಕಳಚುವ ಭಯ ಲೇಸರಿನ ಮುಂಚೆ ಎಷ್ಟಿತ್ತೋ ಅನಂತರವೂ ಅಷ್ಟೇ. ಹಠಾತ್ತಾಗಿ ಮಿಂಚು ಹೊಳೆದಂತೆ, ಕರಿಯ ನುಸಿಗಳು ಹಾರಿದಂತೆ ಕಂಡರೆ, ಕನ್ನಡಕವಿಲ್ಲದವನೂ ಆ ದಿನವೇ ವೈದ್ಯನಲ್ಲಿಗೆ ಓಡಬೇಕು.

ಮತ್ತೆ ಚಾಳೀಸಿನ ಮಾತು. ನಲವತ್ತರ ಸುಮಾರಿಗೆ ಕಣ್ಣಿನೊಳಗಿನ ಮಸೂರ ತನ್ನ ಮೃದುತ್ವವನ್ನು ಕಳೆದುಕೊಂಡು, ಹತ್ತಿರದ ಅಕ್ಷರಕ್ಕೆ ಬಾಗಲಾರದೆ ನಿಲ್ಲುತ್ತದೆ. ಕಾರ್ನಿಯಾವನ್ನು ತಿದ್ದುವ ಲೇಸರಿಗೂ ಈ ಮಸೂರಕ್ಕೂ ಸಂಬಂಧವಿಲ್ಲ. ಇಪ್ಪತ್ತೆರಡರಲ್ಲಿ ಕನ್ನಡಕ ಕಳಚಿದವನು ನಲವತ್ತೈದರಲ್ಲಿ ಪಂಚಾಂಗ ಓದಲು ಮತ್ತೆ ಅದನ್ನು ಹುಡುಕುತ್ತಾನೆ. ಸ್ವಾರಸ್ಯವೆಂದರೆ, ತಿದ್ದಿಸಿಕೊಳ್ಳದ ಸಮೀಪದೃಷ್ಟಿಯವನು ಆ ವಯಸ್ಸಿನಲ್ಲಿ ಕನ್ನಡಕವನ್ನು ಹಣೆಗೇರಿಸಿ ಬರಿಗಣ್ಣಿನಲ್ಲಿಯೇ ಓದಬಲ್ಲ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ತಿದ್ದುವ ಉಪಾಯವೊಂದುಂಟು; ಎಲ್ಲರ ಮಿದುಳೂ ಅದಕ್ಕೆ ಹೊಂದಿಕೊಳ್ಳುವುದಿಲ್ಲವಾದ್ದರಿಂದ ಮೊದಲು ಸಂಪರ್ಕ ಮಸೂರದಿಂದ ಪರೀಕ್ಷಿಸಿ ನೋಡುವುದುಂಟು.

ಅರವತ್ತರ ಮೇಲೆ ಪೊರೆ ಬರುತ್ತದೆ. ಆಗ ಕಣ್ಣೊಳಗೆ ಇಡಬೇಕಾದ ಕೃತಕ ಮಸೂರದ ಶಕ್ತಿಯನ್ನು ವೈದ್ಯರು ಕಾರ್ನಿಯಾದ ಬಾಗಿನಿಂದ ಲೆಕ್ಕ ಹಾಕುತ್ತಾರೆ. ಲೇಸರ್ ಹಾಯ್ದ ಕಾರ್ನಿಯಾದಲ್ಲಿ ಈ ಲೆಕ್ಕ ಸುಲಭವಾಗಿ ತಪ್ಪುತ್ತದೆ. ತೆಳುವಾದ ಪಟಲದ ಮೇಲೆ ಅಳೆದಾಗ ಕಣ್ಣಿನ ಒತ್ತಡವೂ ನಿಜಕ್ಕಿಂತ ಕಡಮೆ ತೋರುವುದರಿಂದ ಗ್ಲಾಕೋಮಾ ಮರೆಯಲ್ಲಿ ಉಳಿಯಬಹುದು. ಆದುದರಿಂದ ಚಿಕಿತ್ಸೆ ಮಾಡಿಸಿಕೊಂಡವರು ಆಸ್ಪತ್ರೆಯಿಂದ ಹೊರಡುವ ಮುನ್ನ ಒಂದು ಹಾಳೆಯನ್ನು ಕೇಳಿ ಪಡೆಯಬೇಕು: ಮೊದಲಿದ್ದ ಕನ್ನಡಕದ ಅಂಕ, ಮೊದಲಿದ್ದ ಕಾರ್ನಿಯಾದ ಬಾಗು ಮತ್ತು ದಪ್ಪ, ತೆಗೆದ ಆಳ, ಅನಂತರ ನೆಲೆನಿಂತ ಅಂಕ. ಅದನ್ನು ಜಾತಕ, ಪಹಣಿಗಳ ಜೊತೆಯಲ್ಲಿ, ಮಲೆನಾಡಿನ ತೇವ ತಾಗದ ಹಾಗೆ ಪೆಟ್ಟಿಗೆಯಲ್ಲಿಡಬೇಕು. ಮೂವತ್ತು ನಲವತ್ತು ವರ್ಷಗಳ ಮೇಲೆ ಪೊರೆ ತೆಗೆಯಲು ಕುಳಿತ ವೈದ್ಯ ಮೊದಲು ಕೇಳುವುದು ಆ ಹಾಳೆಯನ್ನೇ.